ಹಳೆ ಪೋಕೊ ಎಫ್1ಗೆ ಹೊಸ ಆಂಡ್ರಾಯ್ಡ್: ಸೆಕೆಂಡ್ ಹ್ಯಾಂಡ್ ಫೋನಿಗೆ ಕಸ್ಟಮ್ ರಾಮ್ ಹಾಕುವ ಬಗೆ

ಸೆಕೆಂಡ್ ಹ್ಯಾಂಡ್ ಫೋನಿಗೆ ಕಸ್ಟಮ್ ರಾಮ್ ಹಾಕಬೇಕು ಅನ್ನುವವರು ಎಷ್ಟೋ ಸಲ ಕೆಲಸವನ್ನು ತಲೆಕೆಳಗಾಗಿ ಶುರು ಮಾಡುತ್ತಾರೆ. ಅಗ್ಗಕ್ಕೆ ಸಿಕ್ಕಿತು ಅಂತ ಮೊದಲು ಫೋನ್ ತರುತ್ತಾರೆ. ಮನೆಗೆ ಬಂದ ಮೇಲೆ ಅದಕ್ಕೆ ಯಾವ ರಾಮ್ ಸಿಗುತ್ತೆ ಅಂತ ಹುಡುಕುತ್ತಾರೆ. ಆಗ ಬೂಟ್‌ಲೋಡರ್ (ಫೋನ್ ಆನ್ ಆಗುವಾಗ ಮೊದಲು ನಡೆಯುವ, ಬೇರೆ ಸಾಫ್ಟ್‌ವೇರ್ ಬರದಂತೆ ಬೀಗ ಹಾಕಿಕೊಂಡಿರುವ ಪ್ರೋಗ್ರಾಂ) ತೆರೆಯುವುದೇ ಇಲ್ಲ ಅಂತ ಗೊತ್ತಾಗುತ್ತದೆ. ಇಲ್ಲವೇ ಯಾರೋ ಪುಣ್ಯಾತ್ಮರು ವರ್ಷಗಳ ಹಿಂದೆ ಮಾಡಿ ಬಿಟ್ಟ ಅರೆಬರೆ ಫೈಲ್ ಒಂದು ಸಿಗುತ್ತದೆ. ಈ ಕೆಲಸದಲ್ಲಿ ಫ್ಲ್ಯಾಶ್ ಮಾಡುವುದು, ಅಂದರೆ ಹೊಸ ಸಾಫ್ಟ್‌ವೇರನ್ನು ಫೋನಿಗೆ ಬರೆಯುವುದು, ಒಂದು ಗಂಟೆಯ ಬಾಬತ್ತು. ಉಳಿದದ್ದೆಲ್ಲ ಅದಕ್ಕಿಂತ ಮುಂಚಿನದು. ಹಾಗಾಗಿ ಈ ಲೇಖನದಲ್ಲೂ ಮುಂಚಿನ ಕೆಲಸಕ್ಕೇ ಜಾಸ್ತಿ ಜಾಗ.

ಕಸ್ಟಮ್ ರಾಮ್ ಅಂದರೆ ಕಂಪನಿ ಕೊಟ್ಟ ಸಾಫ್ಟ್‌ವೇರನ್ನು ಪೂರ್ತಿ ತೆಗೆದು, ಆಂಡ್ರಾಯ್ಡ್‌ನ ಮುಕ್ತ ಸೋರ್ಸ್ ಕೋಡ್‌ನಿಂದ ಬೇರೆಯವರು ಕಟ್ಟಿದ ಸಾಫ್ಟ್‌ವೇರ್ ಹಾಕುವುದು. ಇವುಗಳಲ್ಲಿ ಹೆಚ್ಚು ಹೆಸರಾದದ್ದು ಲಿನಿಯೇಜ್ ಓಎಸ್. ಮೊದಲು ಸಯನೋಜನ್‌ಮಾಡ್ ಅಂತ ಒಂದಿತ್ತು. 2016ರ ಡಿಸೆಂಬರ್‌ನಲ್ಲಿ ಅದರ ಹಿಂದಿದ್ದ ಕಂಪನಿ ಕೈಬಿಟ್ಟಾಗ, ಅದೇ ಕೋಡ್ ಹಿಡಿದು ಸ್ವಯಂಸೇವಕರು ಮುಂದುವರಿಸಿದ್ದೇ ಲಿನಿಯೇಜ್. ಜಾಹೀರಾತು ಇಲ್ಲ, ಬೇಡದ ಆ್ಯಪ್ ಇಲ್ಲ, ಭದ್ರತಾ ಪ್ಯಾಚ್ ಬರುತ್ತಿರುತ್ತದೆ.

ಉದಾಹರಣೆಗೆ ಶಓಮಿ ಕಂಪನಿಯ ಪೋಕೊ ಎಫ್1 ಹಿಡಿಯೋಣ. 2018ರ ಆಗಸ್ಟ್‌ನಲ್ಲಿ 20,999 ರೂಪಾಯಿಯಿಂದ ಶುರುವಾಗಿ ಭಾರತದಲ್ಲಿ ಬಂದ ಫೋನ್ ಇದು. ಸ್ನ್ಯಾಪ್‌ಡ್ರ್ಯಾಗನ್ 845 ಚಿಪ್, ಕನಿಷ್ಠ 6 ಜಿಬಿ ರ‍್ಯಾಮ್, 4000 ಎಂಎಎಚ್ ಬ್ಯಾಟರಿ, ಮೇಲೆ ಇಯರ್‌ಫೋನ್ ತೂತು. ಕಂಪನಿ ಕಡೆಯಿಂದ ಆಂಡ್ರಾಯ್ಡ್ 10ಕ್ಕೆ ಅಪ್‌ಡೇಟ್ ನಿಂತುಹೋಯಿತು. ಚಿಪ್ ಮಾತ್ರ ಇವತ್ತಿಗೂ ದಿನದ ಕೆಲಸಕ್ಕೆ ಧಾರಾಳ ಸಾಕು. ಇದು 4ಜಿ ಫೋನ್, 5ಜಿ ಬರುವುದಿಲ್ಲ. ಅದು ಬೇಕೇ ಬೇಕು ಅನ್ನುವವರು ಬೇರೆ ಮಾಡೆಲ್ ಹುಡುಕಿ. ಕ್ರಮ ಮಾತ್ರ ಹೆಚ್ಚು ಕಡಿಮೆ ಇದೇ.

ಮೊದಲು ಪಟ್ಟಿ, ಆಮೇಲೆ ಫೋನ್

ಲಿನಿಯೇಜ್ ಓಎಸ್‌ನವರ ವಿಕಿಯಲ್ಲಿ ಅವರು ಬೆಂಬಲಿಸುವ ಫೋನ್‌ಗಳ ಪಟ್ಟಿ ಇದೆ. ಒಂದೊಂದು ಫೋನಿಗೂ ಒಂದು ಗುಪ್ತನಾಮ. ಪೋಕೊ ಎಫ್1ರದ್ದು ‘ಬೆರಿಲಿಯಂ’. ಫೈಲ್ ಇಳಿಸುವಾಗ ನೋಡಬೇಕಾದ್ದು ಈ ಹೆಸರನ್ನು, ಅಂಗಡಿಯ ಹೆಸರನ್ನಲ್ಲ. ಒಂದೇ ಹೆಸರಿನ ಫೋನ್ ಬೇರೆ ಬೇರೆ ದೇಶದಲ್ಲಿ ಬೇರೆ ಬೇರೆ ಚಿಪ್ ಇಟ್ಟುಕೊಂಡು ಬರುತ್ತದೆ. ಸ್ಯಾಮ್‌ಸಂಗ್‌ನ ದೊಡ್ಡ ಮಾಡೆಲ್‌ಗಳು ಎಷ್ಟೋ ವರ್ಷ ಭಾರತದಲ್ಲಿ ಎಕ್ಸಿನೋಸ್, ಅಮೆರಿಕದಲ್ಲಿ ಸ್ನ್ಯಾಪ್‌ಡ್ರ್ಯಾಗನ್ ಆಗಿ ಮಾರಾಟವಾದವು. ಒಂದರ ರಾಮ್ ಇನ್ನೊಂದಕ್ಕೆ ಆಗುವುದಿಲ್ಲ. ಗುಪ್ತನಾಮದ ಪುಟದಲ್ಲಿ ಈಗಲೂ ಹೊಸ ಬಿಲ್ಡ್ (ಹೊಸದಾಗಿ ಕಟ್ಟಿದ ಫೈಲ್) ಬರುತ್ತಿದೆಯೇ ಅಂತ ದಿನಾಂಕ ನೋಡಿ. ನೋಡಿಕೊಳ್ಳುವ ಸ್ವಯಂಸೇವಕ ಕೈಬಿಟ್ಟರೆ ಆ ಫೋನ್ ಪಟ್ಟಿಯಿಂದ ಹೊರಬೀಳುತ್ತದೆ.

ಬೂಟ್‌ಲೋಡರ್ ವಿಷಯದಲ್ಲಿ ಕಂಪನಿಗಳ ಗುಣ ಬೇರೆ ಬೇರೆ. ಗೂಗಲ್ ಪಿಕ್ಸೆಲ್ ಒಂದೇ ಕಮಾಂಡ್‌ಗೆ ತೆರೆಯುತ್ತದೆ. ಹಳೆ ಒನ್‌ಪ್ಲಸ್ ಕೂಡ ಹಾಗೆಯೇ. ಮೊಟೊರೊಲಾದವರು ತಮ್ಮ ಜಾಲತಾಣದಿಂದ ಕೋಡ್ ಕೊಡುತ್ತಾರೆ. ಶಓಮಿಯವರು ಕೊಡುತ್ತಾರೆ, ಆದರೆ ಕಾಯಿಸುತ್ತಾರೆ. ಹುವಾವೆ 2018ರಲ್ಲೇ ಕೋಡ್ ಕೊಡುವುದನ್ನು ನಿಲ್ಲಿಸಿತು. ವಿವೊ ಫೋನ್ ಎಷ್ಟೇ ಅಗ್ಗಕ್ಕೆ ಸಿಗಲಿ, ಈ ಕೆಲಸಕ್ಕೆ ಅಂತ ಕೊಳ್ಳಬೇಡಿ. ಸ್ಯಾಮ್‌ಸಂಗ್‌ನಲ್ಲಿ ತೆರೆದು ಬೇರೆ ಸಾಫ್ಟ್‌ವೇರ್ ಹಾಕಿದರೆ ನಾಕ್ಸ್ ಅನ್ನುವ ಒಳಗಿನ ಫ್ಯೂಸ್ ಶಾಶ್ವತವಾಗಿ ಹೋಗುತ್ತದೆ. ಆಮೇಲೆ ಕಂಪನಿ ಸಾಫ್ಟ್‌ವೇರ್ ವಾಪಸ್ ಹಾಕಿದರೂ ಸೆಕ್ಯೂರ್ ಫೋಲ್ಡರ್ ಕೆಲಸ ಮಾಡದು.

ಅಂಗಡಿಯಲ್ಲೇ ನೋಡಿಬಿಡಿ

ಬೆಂಗಳೂರಿನ ಎಸ್‌ಪಿ ರೋಡ್ ಇರಲಿ, ನಿಮ್ಮೂರ ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿ ಇರಲಿ, ದುಡ್ಡು ಕೊಡುವ ಮೊದಲು ಅರ್ಧ ಗಂಟೆ ಕೂತುಕೊಳ್ಳಿ. ಅಂಗಡಿಯವರು ಮುಖ ಗಂಟಿಕ್ಕಿದರೆ ಎದ್ದು ಬನ್ನಿ.

ಮೊದಲು *#06# ಒತ್ತಿ ಫೋನಿನ ಗುರುತಿನ ನಂಬರ್ ಆದ ಐಎಂಇಐ ನೋಡಿ. ಅದು ಬಿಲ್ ಮತ್ತು ಡಬ್ಬಿಯ ಮೇಲಿನ ನಂಬರಿಗೆ ಹೊಂದಬೇಕು. ಆಮೇಲೆ ನಿಮ್ಮ ಫೋನಿನಿಂದ, ಇಂಗ್ಲಿಷಿನಲ್ಲಿ ಕೆವೈಎಂ ಅಂತ ಬರೆದು, ಜಾಗ ಬಿಟ್ಟು, ಆ 15 ಅಂಕಿ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲೂ ಇದನ್ನು ನೋಡಬಹುದು. ಬಂದ ಉತ್ತರದಲ್ಲಿ ಕಂಪನಿ, ಮಾಡೆಲ್ ಹೆಸರು ಇರುತ್ತದೆ. ನಂಬರ್ ಕಪ್ಪುಪಟ್ಟಿಯಲ್ಲಿದೆ ಅಥವಾ ನಕಲು ಅಂತ ಬಂದರೆ ಆ ಫೋನ್ ಮುಟ್ಟಬೇಡಿ. ಕದ್ದ ಫೋನ್ ಆಗಿದ್ದರೆ ಪೊಲೀಸರು ಬರುವುದು ಸಿಮ್ ಹಾಕಿದವರ ಮನೆಗೆ. ‘ಐಎಂಇಐ ಬೇರೆ ಬರೆದುಕೊಡ್ತೀನಿ ಸಾರ್’ ಅನ್ನುವವರೂ ಸಿಗುತ್ತಾರೆ. ಅದು ಕಸ್ಟಮ್ ರಾಮ್ ಹಾಕಿದ ಹಾಗಲ್ಲ, ಅಪರಾಧ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ.

ಎರಡನೆಯದು ಅಕೌಂಟ್. ಹಿಂದಿನವರ ಗೂಗಲ್ ಅಕೌಂಟ್, ಶಓಮಿಯ ಮಿ ಅಕೌಂಟ್ ಎರಡೂ ಫೋನಿನಲ್ಲಿ ಇರಬಾರದು. ಮಾರುವವರೇ ಸೆಟ್ಟಿಂಗ್ಸ್‌ಗೆ ಹೋಗಿ ಎರಡರಿಂದಲೂ ಹೊರಬಂದು, ಅಲ್ಲಿಂದಲೇ ರೀಸೆಟ್ ಮಾಡಲಿ. ನಿಮ್ಮ ಕಣ್ಣೆದುರಿಗೇ ಮಾಡಲಿ. ಆಮೇಲೆ ನೀವು ವೈಫೈ ಹಾಕಿ ಹೋಮ್ ಸ್ಕ್ರೀನ್‌ವರೆಗೆ ಹೋಗಿ. ನಡುವೆ ಹಳೆ ಪಾಸ್‌ವರ್ಡ್ ಕೇಳಿದರೆ ಬೀಗ ಹಾಗೇ ಇದೆ ಅಂತ ಅರ್ಥ. ‘ಮನೆಗೆ ಹೋಗಿ, ಆಮೇಲೆ ತೆಗೆದುಕೊಡ್ತೀವಿ’ ಅಂದರೆ ಒಪ್ಪಬೇಡಿ.

ಮೂರನೆಯದು ಯಂತ್ರ. ಡಯಲರ್‌ನಲ್ಲಿ *#*#6484#*#* ಒತ್ತಿದರೆ ಶಓಮಿ ಫೋನ್‌ಗಳಲ್ಲಿ ಪರೀಕ್ಷೆಯ ಮೆನು ತೆರೆಯುತ್ತದೆ. ಟಚ್, ಸ್ಪೀಕರ್, ಮೈಕ್, ಸೆನ್ಸರ್, ಬೆರಳಚ್ಚು ಒಂದೊಂದಾಗಿ ನೋಡಿ. ಟಚ್ ಪರೀಕ್ಷೆಯಲ್ಲಿ ಅಂಚಿನಿಂದ ಅಂಚಿಗೆ ನಿಧಾನಕ್ಕೆ ಗೆರೆ ಎಳೆಯಿರಿ. ಗೆರೆ ನಡುವೆ ತುಂಡಾದರೆ ಅದು ಡಿಸ್‌ಪ್ಲೇ ದೋಷ. ಯಾವ ರಾಮ್ ಹಾಕಿದರೂ ಹೋಗದು. ಹಿಂಬದಿ ಅಂಚಿನಲ್ಲಿ ಎದ್ದಿದ್ದರೆ ಬ್ಯಾಟರಿ ಉಬ್ಬಿದೆ. ಚಾರ್ಜರ್ ಪಿನ್ ಗಟ್ಟಿ ಕೂರುತ್ತದೆಯೇ ನೋಡಿ. ಅದು ಸಡಿಲವಾಗಿದ್ದರೆ ಫ್ಲ್ಯಾಶ್ ಆಗುವಾಗ ನಡುವೆ ಕೇಬಲ್ ಕೈಕೊಡುತ್ತದೆ.

ಇನ್ನು ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ. ಲೋಗೊ ಬರುವಾಗ ಪರದೆಯ ಕೆಳಗೆ ‘ಅನ್‌ಲಾಕ್ಡ್’ ಅಂತ ಸಣ್ಣಕ್ಷರದಲ್ಲಿ ಕಂಡರೆ ಹಿಂದಿನವರೇ ಬೂಟ್‌ಲೋಡರ್ ತೆರೆದಿದ್ದಾರೆ. ಕೆಲವರು ಇದಕ್ಕೆ ಹೆದರಿ ಬಿಟ್ಟುಬರುತ್ತಾರೆ. ನನ್ನ ಪ್ರಕಾರ ಇದು ಲಾಭವೇ, ಕಾಯುವ ಒಂದು ವಾರ ಉಳಿಯಿತು. ಆದರೆ ಒಳಗಿರುವ ಸಾಫ್ಟ್‌ವೇರ್ ಯಾರದ್ದೋ ಏನೋ. ಅದರಲ್ಲಿ ಒಂದು ದಿನವೂ ನಿಮ್ಮ ಪಾಸ್‌ವರ್ಡ್ ಹಾಕಬೇಡಿ. ಪೂರ್ತಿ ಅಳಿಸಿ ಹೊಸದಾಗಿ ಹಾಕಿದ ಮೇಲೆಯೇ ಬಳಸಿ.

ಕಳೆದುಕೊಳ್ಳುವುದೇನು ಅಂತ ಮೊದಲೇ ತಿಳಿದಿರಲಿ

ನಮ್ಮಲ್ಲಿ ದೊಡ್ಡ ಪ್ರಶ್ನೆ ಯುಪಿಐ. ಫೋನಿನ ಸಾಫ್ಟ್‌ವೇರ್ ಬದಲಾಗಿದೆಯೇ ಅಂತ ಆ್ಯಪ್‌ಗಳಿಗೆ ಹೇಳುವ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಪರೀಕ್ಷೆ, ಬೂಟ್‌ಲೋಡರ್ ತೆರೆದ ಫೋನನ್ನು ಪೂರ್ತಿ ಪಾಸು ಮಾಡುವುದಿಲ್ಲ. ಆ ಪರೀಕ್ಷೆಯನ್ನು ಎಷ್ಟು ಗಂಭೀರವಾಗಿ ತಗೊಳ್ಳಬೇಕು ಅನ್ನುವುದು ಆ್ಯಪ್ ಮಾಡಿದವರ ಇಷ್ಟ. ಒಂದು ಪೇಮೆಂಟ್ ಆ್ಯಪ್ ತಕರಾರಿಲ್ಲದೆ ನಡೆಯುತ್ತದೆ, ಇನ್ನೊಂದು ಬ್ಯಾಂಕಿನ ಆ್ಯಪ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ. ಇವತ್ತು ನಡೆದದ್ದು ಮುಂದಿನ ಅಪ್‌ಡೇಟ್‌ನಲ್ಲಿ ನಿಲ್ಲಬಹುದು. ಅದನ್ನು ಮರೆಮಾಚುವ ಉಪಾಯಗಳು ಓಡಾಡುತ್ತಿರುತ್ತವೆ. ಅವಕ್ಕೆ ರೂಟ್ (ಫೋನಿನ ಸಾಫ್ಟ್‌ವೇರ್ ಮೇಲೆ ಪೂರ್ತಿ ಅಧಿಕಾರ) ಬೇಕು, ಅವು ಮುರಿದಾಗೆಲ್ಲ ಮತ್ತೆ ಹುಡುಕಬೇಕು. ಸುಮ್ನೆ ತಲೆನೋವು. ನಿಮ್ಮ ಹತ್ತಿರ ಇರುವುದು ಇದೊಂದೇ ಫೋನ್ ಆಗಿದ್ದು, ತರಕಾರಿಯಿಂದ ಬಾಡಿಗೆವರೆಗೆ ಎಲ್ಲ ಅದರಲ್ಲೇ ಕಟ್ಟುತ್ತೀರಾದರೆ ಈ ಕೆಲಸಕ್ಕೆ ಕೈಹಾಕಬೇಡಿ. ಎರಡನೇ ಫೋನ್, ಮಕ್ಕಳ ಓದಿನ ಫೋನ್, ಹಾಡು ಕೇಳುವ, ಓದುವ, ಹಾಟ್‌ಸ್ಪಾಟ್ ಕೊಡುವ ಫೋನ್ ಆದರೆ ಧೈರ್ಯವಾಗಿ ಮಾಡಿ.

ಮುಖ ತೋರಿಸಿ ತೆರೆಯುವ ಸೌಲಭ್ಯ ಲಿನಿಯೇಜ್‌ನಲ್ಲಿ ಇಲ್ಲ. ಪೋಕೊ ಎಫ್1 ಕತ್ತಲಲ್ಲೂ ಮುಖ ಗುರುತಿಸುತ್ತಿತ್ತು, ಅದು ಹೋಗುತ್ತದೆ. ಬೆರಳಚ್ಚು ಇರುತ್ತದೆ. ಕ್ಯಾಮೆರಾ ಆ್ಯಪ್ ಸಾದಾ. ಕೆಲವು ಫೋನ್‌ಗಳಲ್ಲಿ ಬೂಟ್‌ಲೋಡರ್ ತೆರೆದರೆ ಓಟಿಟಿಯಲ್ಲಿ ಎಚ್‌ಡಿ ಬರುವುದು ನಿಲ್ಲುತ್ತದೆ. ವಾರಂಟಿಯ ಮಾತು ಬೇಡ, 2018ರ ಫೋನಿಗೆ ಎಲ್ಲಿಯ ವಾರಂಟಿ.

ಕಾಯುವ ವಾರ

ಶಓಮಿ ಮತ್ತು ಪೋಕೊ ಫೋನ್‌ಗಳಲ್ಲಿ ಬೂಟ್‌ಲೋಡರ್ ತೆರೆಯಲು ಮಿ ಅಕೌಂಟ್ ಬೇಕು. ಹೊಸ ಅಕೌಂಟ್ ಮಾಡಿ, ಅದಕ್ಕೆ ನಿಮ್ಮ ಮೊಬೈಲ್ ನಂಬರ್ ಕೊಡಿ. ಆಮೇಲೆ ಹೀಗೆ ಮಾಡಿ.

1. ‘ಅಬೌಟ್ ಫೋನ್’ನಲ್ಲಿ ಎಂಐಯುಐ (ಶಓಮಿಯ ಸಾಫ್ಟ್‌ವೇರ್) ವರ್ಷನ್ ಮೇಲೆ ಏಳು ಸಲ ತಟ್ಟಿ. ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ.
2. ಅದರೊಳಗೆ ‘ಓಇಎಂ ಅನ್‌ಲಾಕಿಂಗ್’ ಆನ್ ಮಾಡಿ.
3. ಫೋನಿನಲ್ಲಿ ಸಿಮ್ ಇರಲಿ. ವೈಫೈ ಆಫ್ ಮಾಡಿ, ಮೊಬೈಲ್ ಡೇಟಾ ಆನ್ ಮಾಡಿ.
4. ‘ಮಿ ಅನ್‌ಲಾಕ್ ಸ್ಟೇಟಸ್’ಗೆ ಹೋಗಿ, ‘ಆ್ಯಡ್ ಅಕೌಂಟ್ ಆ್ಯಂಡ್ ಡಿವೈಸ್’ ಒತ್ತಿ. ಸೇರಿತು ಅಂತ ಸಂದೇಶ ಬರಬೇಕು.

ಈ ನಾಲ್ಕು ಹೆಜ್ಜೆಯನ್ನು ಅಂಗಡಿಯಲ್ಲೇ ಕೂತು ಮಾಡಿದರೆ ಇನ್ನೂ ಒಳ್ಳೆಯದು. ಅಕೌಂಟ್ ಸೇರಲಿಲ್ಲ ಅಂದರೆ ಫೋನ್ ಅವರ ಕೈಯಲ್ಲೇ ಬಿಟ್ಟು ಬರಬಹುದು.

ಇಲ್ಲಿಂದ ಸಾಮಾನ್ಯವಾಗಿ 168 ಗಂಟೆ, ಅಂದರೆ ಏಳು ದಿನ ಕಾಯಬೇಕು. ನಡುವೆ ಅಕೌಂಟ್‌ನಿಂದ ಹೊರಬರಬೇಡಿ, ಮತ್ತೆ ಸೇರಿಸಬೇಡಿ, ಫೋನ್ ರೀಸೆಟ್ ಮಾಡಬೇಡಿ. ಮಾಡಿದರೆ ಲೆಕ್ಕ ಮೊದಲಿನಿಂದ ಶುರು. ದುಡ್ಡು ತಗೊಂಡು ಕೂಡಲೇ ತೆರೆದುಕೊಡ್ತೀವಿ ಅನ್ನುವವರಿಗೆ ನಿಮ್ಮ ಕಂಪ್ಯೂಟರ್‌ನ ರಿಮೋಟ್ ಕಂಟ್ರೋಲ್ ಕೊಡಬೇಡಿ.

ಈ ವಾರವನ್ನು ವ್ಯರ್ಥ ಅಂತ ಎಣಿಸಬೇಡಿ. ನನಗೆ ಕೇಳಿದರೆ ಇಡೀ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಭಾಗ ಇದೇ. ಫೋನನ್ನು ಕಂಪನಿ ಸಾಫ್ಟ್‌ವೇರ್‌ನಲ್ಲೇ ದಿನವೂ ಬಳಸಿ, ಒಂದು ಚೀಟಿಯಲ್ಲಿ ಬರೆದಿಡಿ. ಜಿಯೊ ಸಿಮ್‌ನಲ್ಲಿ ಕರೆ ಸರಿಯಾಗಿ ಹೋಗುತ್ತದೆಯೇ? ಎರಡೂ ಸಿಮ್ ಹಾಕಿದರೆ? ಜಿಪಿಎಸ್ ಎಷ್ಟು ಹೊತ್ತಿಗೆ ಜಾಗ ಹಿಡಿಯುತ್ತದೆ? ರಾತ್ರಿ ಸುಮ್ನೆ ಇಟ್ಟರೆ ಬೆಳಗ್ಗೆಗೆ ಚಾರ್ಜ್ ಎಷ್ಟು ಇಳಿದಿರುತ್ತದೆ? ಬ್ಲೂಟೂತ್‌ನಲ್ಲಿ ಮಾತಾಡಿದರೆ ಆ ಕಡೆಯವರಿಗೆ ಕೇಳುತ್ತದೆಯೇ? ಕಿವಿಗೆ ಹಿಡಿದಾಗ ಪರದೆ ಆರುತ್ತದೆಯೇ? ನಾಳೆ ಹೊಸ ರಾಮ್ ಹಾಕಿದ ಮೇಲೆ ಏನಾದರೂ ಕೆಟ್ಟರೆ, ಅದು ರಾಮ್‌ನ ದೋಷವೋ ಹಳೆ ಫೋನಿನ ಹಳೆ ಕಾಯಿಲೆಯೋ ಅಂತ ಹೇಳುವುದು ಈ ಚೀಟಿ ಮಾತ್ರ. ಚೀಟಿ ಇಲ್ಲದವರು ಸತ್ತ ಬ್ಯಾಟರಿಗೆ ರಾಮ್ ಬದಲಾಯಿಸುತ್ತಾ ಕೂರುತ್ತಾರೆ.

ಹಾಗೆಯೇ ಕಂಪನಿಯ ಕೊನೆಯ ಅಪ್‌ಡೇಟ್ ಕೂಡ ಈ ವಾರದಲ್ಲೇ ಹಾಕಿಬಿಡಿ. ಪೋಕೊ ಎಫ್1ಗೆ ಅದು ಆಂಡ್ರಾಯ್ಡ್ 10 ಆಧಾರದ ಎಂಐಯುಐ 12. ಕಸ್ಟಮ್ ರಾಮ್ ಮೇಲಿನ ಆಂಡ್ರಾಯ್ಡನ್ನು ಬದಲಿಸುತ್ತದೆ. ಮೋಡೆಮ್‌ನಂಥ ಒಳಗಿನ ಫರ್ಮ್‌ವೇರ್ ಕಂಪನಿಯದ್ದೇ ಉಳಿಯುತ್ತದೆ. ಅದು ಹಳೆಯದಾಗಿದ್ದರೆ ಕರೆಯೋ ವೈಫೈಯೋ ಕೈಕೊಡುತ್ತದೆ.

ಬೂಟ್‌ಲೋಡರ್ ತೆರೆಯುವುದು

ವಿಂಡೋಸ್ ಕಂಪ್ಯೂಟರ್ ಬೇಕು, ಏಕೆಂದರೆ ಶಓಮಿಯ ಮಿ ಅನ್‌ಲಾಕ್ ಟೂಲ್ ನಡೆಯುವುದು ಅದರಲ್ಲೇ. ಫೋಟೊ, ಸಂಪರ್ಕ ಏನಿದ್ದರೂ ಮೊದಲು ತೆಗೆದಿಡಿ. ತೆರೆದ ಕ್ಷಣ ಫೋನಿನೊಳಗಿನದ್ದೆಲ್ಲ ಅಳಿಯುತ್ತದೆ.

ಫೋನ್ ಆಫ್ ಮಾಡಿ, ವಾಲ್ಯೂಮ್ ಕಡಿಮೆ ಬಟನ್ ಮತ್ತು ಪವರ್ ಒಟ್ಟಿಗೆ ಹಿಡಿಯಿರಿ. ‘ಫಾಸ್ಟ್‌ಬೂಟ್’ ಅಂತ ಬರೆದ ಪರದೆ ಬರುತ್ತದೆ, ಇದರಲ್ಲಿ ಫೋನ್ ಕಂಪ್ಯೂಟರ್‌ನ ಕಮಾಂಡ್ ಕೇಳುತ್ತದೆ. ಕೇಬಲ್ ಹಾಕಿ. ಟೂಲ್‌ನಲ್ಲಿ ಅದೇ ಮಿ ಅಕೌಂಟ್‌ಗೆ ಲಾಗಿನ್ ಆಗಿ ಅನ್‌ಲಾಕ್ ಒತ್ತಿ. ಗಡುವು ಮುಗಿದಿರದಿದ್ದರೆ ಇನ್ನೂ ಎಷ್ಟು ಗಂಟೆ ಬಾಕಿ ಅಂತ ಅದೇ ಹೇಳುತ್ತದೆ.

ಫೋನ್ ಸಿಗುತ್ತಲೇ ಇಲ್ಲವೇ? ಮೊದಲು ಕೇಬಲ್ ಬದಲಿಸಿ. ಎಷ್ಟೋ ಅಗ್ಗದ ಕೇಬಲ್‌ಗಳು ಚಾರ್ಜ್‌ಗೆ ಮಾತ್ರ. ಆಮೇಲೆ ಪೋರ್ಟ್ ಬದಲಿಸಿ. ಎಎಂಡಿ ರೈಜನ್ ಕಂಪ್ಯೂಟರ್‌ಗಳ ಯುಎಸ್‌ಬಿ 3 ಪೋರ್ಟ್‌ನಲ್ಲಿ ಶಓಮಿಯ ಫಾಸ್ಟ್‌ಬೂಟ್ ಹಟ ಮಾಡುವುದು ಹಳೆ ಕತೆ. ಯುಎಸ್‌ಬಿ 2 ಪೋರ್ಟ್‌ಗೆ ಹಾಕಿ, ಇಲ್ಲವೇ ನಡುವೆ ಒಂದು ಹಳೆ ಯುಎಸ್‌ಬಿ 2 ಹಬ್ ಇಡಿ. ಡ್ರೈವರ್ ಹಾಕುವುದು ಕೊನೆಯ ಮಾತು.

ಫೈಲ್‌ಗಳು

ಇಷ್ಟು ಇಳಿಸಿಕೊಂಡು ಒಂದೇ ಫೋಲ್ಡರ್‌ನಲ್ಲಿಡಿ:

- ಗೂಗಲ್‌ನ ‘ಪ್ಲಾಟ್‌ಫಾರ್ಮ್ ಟೂಲ್ಸ್’. ಕಂಪ್ಯೂಟರ್‌ನಿಂದ ಫೋನಿಗೆ ಕಮಾಂಡ್ ಕಳಿಸುವ ಎಡಿಬಿ, ಫಾಸ್ಟ್‌ಬೂಟ್ ಎರಡೂ ಇದರೊಳಗಿವೆ.
- ಬೆರಿಲಿಯಂ ಪುಟದಿಂದ ಲಿನಿಯೇಜ್‌ನ ಜಿಪ್ ಫೈಲ್ ಮತ್ತು ಅದೇ ದಿನಾಂಕದ ರಿಕವರಿ ಇಮೇಜ್. ರಿಕವರಿ ಅಂದರೆ ಸಾಫ್ಟ್‌ವೇರ್ ಹಾಕಲು, ಅಳಿಸಲು ಫೋನಿನಲ್ಲಿ ಬೇರೆಯೇ ಇರುವ ಸಣ್ಣ ವ್ಯವಸ್ಥೆ.
- ಪ್ಲೇ ಸ್ಟೋರ್ ಬೇಕಿದ್ದರೆ ಗೂಗಲ್ ಆ್ಯಪ್‌ಗಳ (ಗ್ಯಾಪ್ಸ್) ಪ್ಯಾಕೇಜ್ ‘ಮೈಂಡ್ ದ ಗ್ಯಾಪ್ಸ್’. ಲಿನಿಯೇಜ್ ಯಾವ ಆಂಡ್ರಾಯ್ಡ್ ಆವೃತ್ತಿಯದ್ದೋ ಅದಕ್ಕೇ ಹೊಂದುವ, ‘ಆರ್ಮ್64’ ಅಂತ ಬರೆದದ್ದು.
- ಬ್ಯಾಕಪ್‌ಗೆ ಟಿಡಬ್ಲ್ಯುಆರ್‌ಪಿ ಅನ್ನುವ ಇನ್ನೊಂದು ರಿಕವರಿಯ ಬೆರಿಲಿಯಂ ಇಮೇಜ್.

ಇಳಿಸಿದ ಫೈಲ್ ಪೂರ್ತಿ ಬಂದಿದೆಯೇ ಅಂತ ನೋಡುವುದು ಒಂದು ನಿಮಿಷದ ಕೆಲಸ. ಸೆವೆನ್‌ಜಿಪ್ ಇದ್ದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಎಸ್‌ಎಚ್‌ಎ-256’ ಆರಿಸಿ. ಬಂದ ಉದ್ದನೆಯ ಸಾಲನ್ನು ಡೌನ್‌ಲೋಡ್ ಪುಟದಲ್ಲಿರುವ ಸಾಲಿಗೆ ಹೋಲಿಸಿ. ವಿಡಿಯೊ ಕೆಳಗೆ ಸಿಗುವ ಯಾರದ್ದೋ ಡ್ರೈವ್ ಲಿಂಕ್‌ನಿಂದ ಮಾತ್ರ ರಾಮ್ ಇಳಿಸಬೇಡಿ. ಇಡೀ ಫೋನನ್ನೇ ಅದರ ಕೈಗೆ ಕೊಡುತ್ತಿದ್ದೀರಿ, ಅಲ್ವಾ?

ಸಣ್ಣ ಬ್ಯಾಕಪ್, ದೊಡ್ಡ ರಕ್ಷಣೆ

ಫೋಟೊ ಬ್ಯಾಕಪ್ ಎಲ್ಲರೂ ಮಾಡುತ್ತಾರೆ. ಇಎಫ್‌ಎಸ್ ಮತ್ತು ಪರ್ಸಿಸ್ಟ್ ಅನ್ನುವ ಎರಡು ಸಣ್ಣ ವಿಭಾಗಗಳನ್ನು ಮರೆಯುತ್ತಾರೆ. ಐಎಂಇಐಗೆ ಸಂಬಂಧಿಸಿದ ಮಾಹಿತಿ ಮೊದಲನೆಯದರಲ್ಲಿ, ಸೆನ್ಸರ್‌ಗಳ ಹೊಂದಾಣಿಕೆ ಎರಡನೆಯದರಲ್ಲಿ. ಇವು ಒಂದೊಂದು ಫೋನಿಗೂ ಬೇರೆ. ಕೆಟ್ಟರೆ ಬೇರೆಯವರ ಫೋನಿನಿಂದ ತಂದು ಹಾಕುವ ಹಾಗಿಲ್ಲ.

ಪೋಕೊ ಎಫ್1ರಲ್ಲಿ ಎರಡನೇ ಸಿಮ್ ಜಾಗದಲ್ಲಿ ಮೆಮರಿ ಕಾರ್ಡ್ ಹಾಕಬಹುದು. ಹಾಕಿ. ಫೋನನ್ನು ಫಾಸ್ಟ್‌ಬೂಟ್‌ಗೆ ತಂದು, ಟೂಲ್ಸ್ ಫೋಲ್ಡರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಮುಂದೆ ಬರುವ ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಬರೆದಿದ್ದೇನೆ, ಟೈಪ್ ಮಾಡುವಾಗ ಎಲ್ಲ ಇಂಗ್ಲಿಷ್ ಸಣ್ಣಕ್ಷರ. ಮೊದಲು ‘ಫಾಸ್ಟ್‌ಬೂಟ್ ಡಿವೈಸಸ್’. ಒಂದು ಸೀರಿಯಲ್ ನಂಬರ್ ಕಂಡರೆ ಸಂಪರ್ಕ ಸರಿ ಇದೆ. ಆಮೇಲೆ ‘ಫಾಸ್ಟ್‌ಬೂಟ್ ಬೂಟ್’ ಅಂತ ಬರೆದು, ಜಾಗ ಬಿಟ್ಟು, ಟಿಡಬ್ಲ್ಯುಆರ್‌ಪಿ ಫೈಲನ್ನು ಮೌಸ್‌ನಿಂದ ಎಳೆದು ಆ ಕಪ್ಪು ಕಿಟಕಿಯ ಮೇಲೆ ಬಿಡಿ. ಫೈಲಿನ ಹೆಸರು ತಾನೇ ಬರುತ್ತದೆ, ತಪ್ಪಕ್ಷರದ ಭಯವಿಲ್ಲ. ಎಂಟರ್ ಒತ್ತಿದರೆ ಏನೂ ಇನ್‌ಸ್ಟಾಲ್ ಆಗದೆ, ಟಿಡಬ್ಲ್ಯುಆರ್‌ಪಿ ಆ ಹೊತ್ತಿಗೆ ಮಾತ್ರ ತೆರೆಯುತ್ತದೆ. ಬ್ಯಾಕಪ್‌ಗೆ ಹೋಗಿ ಮೆಮರಿ ಕಾರ್ಡ್ ಆರಿಸಿ, ಇಎಫ್‌ಎಸ್, ಪರ್ಸಿಸ್ಟ್ ಎರಡನ್ನೂ ಟಿಕ್ ಮಾಡಿ. ಮುಗಿದ ಮೇಲೆ ಕಾರ್ಡ್‌ನಿಂದ ಕಂಪ್ಯೂಟರ್‌ಗೆ ನಕಲು ಮಾಡಿಕೊಂಡು, ಕಾರ್ಡ್ ಫೋನಿನಿಂದ ತೆಗೆದಿಡಿ.

ಫ್ಲ್ಯಾಶ್

ಚಾರ್ಜ್ ಅರ್ಧಕ್ಕಿಂತ ಜಾಸ್ತಿ ಇರಲಿ. ಡೆಸ್ಕ್‌ಟಾಪ್ ಆದರೆ ಕರೆಂಟ್ ಹೋಗುವ ಹೊತ್ತಿನಲ್ಲಿ ಕೂರಬೇಡಿ. ಶುರು ಮಾಡುವ ಮೊದಲು ವಿಕಿಯಲ್ಲಿ ನಿಮ್ಮ ಫೋನಿನ ಪುಟವನ್ನು ಒಮ್ಮೆ ಕೊನೆವರೆಗೆ ಓದಿ. ಹೊಸ ಆವೃತ್ತಿಗೆ ಹೆಚ್ಚುವರಿ ಹೆಜ್ಜೆ ಸೇರಿದ್ದರೆ ಅಲ್ಲಿ ಇರುತ್ತದೆ, ಮತ್ತು ಆ ಪುಟದ ಮಾತೇ ಅಂತಿಮ.

1. ಫೋನನ್ನು ಮತ್ತೆ ಫಾಸ್ಟ್‌ಬೂಟ್‌ಗೆ ತನ್ನಿ. ‘ಫಾಸ್ಟ್‌ಬೂಟ್ ಫ್ಲ್ಯಾಶ್ ರಿಕವರಿ’ ಅಂತ ಬರೆದು, ಲಿನಿಯೇಜ್‌ನ ರಿಕವರಿ ಇಮೇಜನ್ನು ಎಳೆದು ಬಿಟ್ಟು ಎಂಟರ್ ಒತ್ತಿ. ಕ್ಷಣದಲ್ಲಿ ‘ಓಕೆ’ ಬರುತ್ತದೆ.

2. ಈಗ ವಾಲ್ಯೂಮ್ ಜಾಸ್ತಿ ಮತ್ತು ಪವರ್ ಬಟನ್ ಒಟ್ಟಿಗೆ ಹಿಡಿದು ನೇರ ರಿಕವರಿಗೆ ಹೋಗಿ. ಬೆರಳು ಬೇಗ ಬಿಟ್ಟು ಎಂಐಯುಐ ಶುರುವಾದರೆ ಅದು ತನ್ನ ಹಳೆ ರಿಕವರಿಯನ್ನು ವಾಪಸ್ ಕೂರಿಸಿಬಿಡುತ್ತದೆ. ಹಾಗಾದರೆ ಮೊದಲ ಹೆಜ್ಜೆ ಇನ್ನೊಮ್ಮೆ ಮಾಡಿ, ಅಷ್ಟೇ.

3. ರಿಕವರಿಯಲ್ಲಿ ‘ಫ್ಯಾಕ್ಟರಿ ರೀಸೆಟ್’, ಅದರೊಳಗೆ ‘ಫಾರ್ಮ್ಯಾಟ್ ಡೇಟಾ’. ಇದನ್ನು ಬಿಡಲೇಬೇಡಿ. ಎಂಐಯುಐ ಡೇಟಾವನ್ನು ತನ್ನದೇ ಕೀಲಿಯಿಂದ ಎನ್‌ಕ್ರಿಪ್ಟ್ ಮಾಡಿರುತ್ತದೆ. ಅಳಿಸದೆ ಹೊಸ ರಾಮ್ ಹಾಕಿದರೆ ಲೋಗೊ ಮುಂದೆ ಫೋನ್ ಸುತ್ತುತ್ತಲೇ ಇರುತ್ತದೆ.

4. ಮುಖ್ಯ ಮೆನುಗೆ ಬಂದು ‘ಅಪ್ಲೈ ಅಪ್‌ಡೇಟ್’, ‘ಅಪ್ಲೈ ಫ್ರಮ್ ಎಡಿಬಿ’. ಕಂಪ್ಯೂಟರ್‌ನಲ್ಲಿ ‘ಎಡಿಬಿ ಸೈಡ್‌ಲೋಡ್’ ಬರೆದು ಲಿನಿಯೇಜ್‌ನ ಜಿಪ್ ಎಳೆದು ಬಿಡಿ. ಅಂಕಿ ಏರುತ್ತಾ ಹೋಗುತ್ತದೆ. ಕೆಲವು ಸಲ 47 ಪರ್ಸೆಂಟ್‌ಗೆ ಬಂದು ನಿಂತು, ‘ಫೇಲ್ಡ್’ ಅನ್ನುವ ಪದದ ಜೊತೆಗೇ ‘ಸಕ್ಸೆಸ್’ ಅಂತಲೂ ಬರುತ್ತದೆ. ಎಲ್ಲರೂ ಬೆವರುವ ಜಾಗ ಇದು. ಕೇಬಲ್ ಕೀಳಬೇಡಿ. ಕಂಪ್ಯೂಟರ್ ನೋಡುವುದು ಬಿಟ್ಟು ಫೋನಿನ ಪರದೆ ನೋಡಿ. ಅಲ್ಲಿ ತಪ್ಪು ಅಂತ ಬರೆದಿಲ್ಲದಿದ್ದರೆ ಕೆಲಸ ಸರಿಯಾಗಿ ಆಗಿದೆ.

5. ಗೂಗಲ್ ಆ್ಯಪ್‌ಗಳು ಬೇಕಿದ್ದರೆ ಈಗಲೇ, ಮೊದಲ ಸಲ ಫೋನ್ ಆನ್ ಆಗುವುದಕ್ಕೆ ಮುಂಚೆಯೇ ಹಾಕಬೇಕು. ಹೆಚ್ಚುವರಿ ಪ್ಯಾಕೇಜ್‌ಗಾಗಿ ರಿಕವರಿಗೆ ರೀಬೂಟ್ ಮಾಡಲೇ ಅಂತ ಕೇಳಿದರೆ ‘ಯೆಸ್’ ಅನ್ನಿ. ಮತ್ತೆ ನಾಲ್ಕನೇ ಹೆಜ್ಜೆಯಂತೆಯೇ ಮೈಂಡ್ ದ ಗ್ಯಾಪ್ಸ್ ಫೈಲನ್ನು ಸೈಡ್‌ಲೋಡ್ ಮಾಡಿ. ಸಹಿ ತಾಳೆಯಾಗಲಿಲ್ಲ ಅಂತ ಎಚ್ಚರಿಕೆ ಬರುತ್ತದೆ. ಆ ಫೈಲ್ ಲಿನಿಯೇಜ್‌ನವರದ್ದಲ್ಲವಲ್ಲ, ಅದಕ್ಕೇ. ‘ಯೆಸ್’ ಒತ್ತಿ ಮುಂದೆ ಹೋಗಿ.

6. ‘ರೀಬೂಟ್ ಸಿಸ್ಟಮ್ ನೌ’. ಮೊದಲ ಸಲ ಹದಿನೈದು ನಿಮಿಷದವರೆಗೂ ಹಿಡಿಯಬಹುದು. ಎದ್ದು ಕಾಫಿ ಮಾಡಿಕೊಳ್ಳಿ.

ಆನ್ ಆದ ಮೇಲೆ

ಮೊದಲು ಆ ಚೀಟಿ ತೆಗೆಯಿರಿ. ಕರೆ, ಎರಡು ಸಿಮ್, ಜಿಪಿಎಸ್, ಬ್ಲೂಟೂತ್ ಎಲ್ಲ ಅದೇ ಕ್ರಮದಲ್ಲಿ ಪರೀಕ್ಷಿಸಿ. *#06# ಒತ್ತಿ ಐಎಂಇಐ ಎರಡೂ ಹಾಗೇ ಇವೆಯೇ ನೋಡಿ. ಜಿಯೊ ಬಳಸುವವರಿಗೆ ವೋಲ್ಟಿ (4ಜಿ ಮೂಲಕವೇ ಹೋಗುವ ಕರೆ) ಇಲ್ಲದಿದ್ದರೆ ಮಾಮೂಲಿ ಕರೆಯೇ ಇಲ್ಲ, ಹಾಗಾಗಿ ಸಿಮ್ ಸೆಟ್ಟಿಂಗ್ಸ್‌ನಲ್ಲಿ ಅದು ಆನ್ ಇದೆಯೇ ನೋಡಿ. ಬ್ಯಾಟರಿ ತೀರ್ಪನ್ನು ಮಾತ್ರ ಎರಡು ಮೂರು ದಿನ ಮುಂದೆ ಹಾಕಿ. ಹೊಸದಾಗಿ ಹಾಕಿದಾಗ ಆ್ಯಪ್‌ಗಳೆಲ್ಲ ಹಿಂದೆ ಕೆಲಸ ಮಾಡುತ್ತಿರುತ್ತವೆ.

ಪ್ಲೇ ಸ್ಟೋರ್‌ನಲ್ಲಿ ಡಿವೈಸ್ ಸರ್ಟಿಫೈಡ್ ಅಲ್ಲ ಅಂತ ಬಂದರೆ, ಫೋನಿನ ಗೂಗಲ್ ಸರ್ವಿಸಸ್ ಐಡಿಯನ್ನು ಗೂಗಲ್‌ನವರದೇ ನೋಂದಣಿ ಪುಟದಲ್ಲಿ ಹಾಕಬೇಕು. ಸ್ವಲ್ಪ ಹೊತ್ತಿಗೆ ಸರಿಹೋಗುತ್ತದೆ.

ಭಾಷೆ ಕನ್ನಡ ಆರಿಸಿದರೆ ಮೆನುಗಳು ಕನ್ನಡಕ್ಕೆ ಬರುತ್ತವೆ. ಕೀಲಿಮಣೆಗೆ ಜಿಬೋರ್ಡ್ ಹಾಕಿಕೊಳ್ಳಬಹುದು. ಗೂಗಲ್ ಬೇಡ ಅಂತ ಐದನೇ ಹೆಜ್ಜೆ ಬಿಟ್ಟವರು ಎಫ್-ಡ್ರಾಯ್ಡ್ ಅನ್ನುವ ಮುಕ್ತ ಆ್ಯಪ್ ಅಂಗಡಿ ಹಾಕಿ, ಅಲ್ಲಿಂದ ಇಂಡಿಕ್ ಕೀಬೋರ್ಡ್ ತಗೊಳ್ಳಿ. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದವರದ್ದು. ಹೆಸರು ಮಲಯಾಳಂ ಆದರೂ ಕನ್ನಡಕ್ಕೂ ಕೀಲಿಮಣೆ ಕೊಟ್ಟಿದ್ದಾರೆ. ಗೂಗಲ್ ಇಲ್ಲದ ಫೋನಿನಲ್ಲಿ ಬ್ಯಾಟರಿ ಬಾಳಿಕೆ ಚೆನ್ನಾಗಿರುತ್ತದೆ, ಆದರೆ ಯುಪಿಐ ಆಸೆ ಬಿಡಬೇಕು.

ಅಪ್‌ಡೇಟ್‌ಗಳು ಸೆಟ್ಟಿಂಗ್ಸ್‌ನ ‘ಅಪ್‌ಡೇಟರ್’ನಲ್ಲೇ ಬರುತ್ತವೆ. ಒಂದೇ ಆವೃತ್ತಿಯೊಳಗಿನ ಅಪ್‌ಡೇಟ್ ಆದರೆ ಗೂಗಲ್ ಆ್ಯಪ್ ಉಳಿಯುತ್ತದೆ, ಡೇಟಾ ಹೋಗುವುದಿಲ್ಲ. ಆಂಡ್ರಾಯ್ಡ್ ಆವೃತ್ತಿಯೇ ಬದಲಾಗುವಾಗ ಮಾತ್ರ ಮತ್ತೆ ಕಂಪ್ಯೂಟರ್‌ಗೆ ಹಾಕಿ, ಹೊಸ ಗ್ಯಾಪ್ಸ್ ಕೂಡ ಸೈಡ್‌ಲೋಡ್ ಮಾಡಬೇಕು. ರೂಟ್ ಮಾಡಬೇಕೇ ಅಂತ ಕೇಳುವವರಿಗೆ ನನ್ನ ಉತ್ತರ: ಯಾಕೆ ಬೇಕು ಅಂತ ಒಂದು ವಾಕ್ಯದಲ್ಲಿ ಹೇಳಲು ಬರದಿದ್ದರೆ ಬೇಡ.

ಕೈಕೊಟ್ಟಾಗ

ಲೋಗೊದಲ್ಲೇ ನಿಂತಿದೆಯೇ? ರಿಕವರಿಗೆ ಹೋಗಿ ಮತ್ತೆ ಫಾರ್ಮ್ಯಾಟ್ ಡೇಟಾ ಮಾಡಿ. ಆಗಲೂ ಆಗದಿದ್ದರೆ ಗ್ಯಾಪ್ಸ್ ಆವೃತ್ತಿ ತಪ್ಪಿರಬಹುದು. ಅದನ್ನು ಬಿಟ್ಟು ಬರಿ ಲಿನಿಯೇಜ್ ಹಾಕಿ ನೋಡಿ. ಫಾಸ್ಟ್‌ಬೂಟ್ ಪರದೆ ಬರುತ್ತಿರುವವರೆಗೆ ಫೋನ್ ಸತ್ತಿಲ್ಲ.

ಎಲ್ಲ ಬಿಟ್ಟು ಕಂಪನಿ ಸಾಫ್ಟ್‌ವೇರ್‌ಗೇ ವಾಪಸ್ ಹೋಗಬೇಕು ಅಂದರೆ, ಬೆರಿಲಿಯಂನ ಫಾಸ್ಟ್‌ಬೂಟ್ ರಾಮ್ ಇಳಿಸಿ, ಬಿಚ್ಚಿ, ಮಿ ಫ್ಲ್ಯಾಶ್ ಟೂಲ್‌ನಲ್ಲಿ ಹಾಕಬೇಕು. ಹಳೆ ಆವೃತ್ತಿ ಬೇಡ, ಕೊನೆಯದನ್ನೇ ಇಳಿಸಿ. ಆ ಟೂಲ್‌ನ ಕಿಟಕಿಯ ಕೆಳಗೆ ಮೂರು ಆಯ್ಕೆ ಇರುತ್ತವೆ. ಅದು ತಾನಾಗಿ ಆರಿಸಿಕೊಂಡಿರುವುದು ‘ಕ್ಲೀನ್ ಆಲ್ ಆ್ಯಂಡ್ ಲಾಕ್’. ಅದನ್ನು ‘ಕ್ಲೀನ್ ಆಲ್’ಗೆ ಬದಲಿಸಿದ ಮೇಲೆಯೇ ಫ್ಲ್ಯಾಶ್ ಒತ್ತಿ. ಹಾಕಿದ ರಾಮ್ ಫೋನಿಗೆ ಹೊಂದದಿದ್ದು ಬೂಟ್‌ಲೋಡರ್ ಮತ್ತೆ ಬೀಗ ಬಿದ್ದರೆ, ಬಿಡಿಸಲು ಸರ್ವಿಸ್ ಸೆಂಟರ್‌ಗೇ ಹೋಗಬೇಕಾಗುತ್ತದೆ. ಲಿನಿಯೇಜ್ ಇರುವಾಗಲೂ ಅಷ್ಟೇ, ಭದ್ರತೆಗೆ ಅಂತ ಬೂಟ್‌ಲೋಡರ್ ಮತ್ತೆ ಮುಚ್ಚಲು ಹೋಗಬೇಡಿ. ಮೊದಲು ಕಂಪನಿ ಸಾಫ್ಟ್‌ವೇರ್ ಹಾಕಿ, ಫೋನ್ ಪೂರ್ತಿ ಆನ್ ಆಗಿ ಎರಡು ದಿನ ಸರಿಯಾಗಿ ನಡೆದರೆ, ಮುಂದೆ ಮಾರುವ ಯೋಚನೆಯೂ ಇದ್ದರೆ, ಆಗ ಮುಚ್ಚಿ. ಮಾರುವ ಮೊದಲು ನಿಮ್ಮ ಮಿ ಅಕೌಂಟ್, ಗೂಗಲ್ ಅಕೌಂಟ್ ಎರಡರಿಂದಲೂ ಹೊರಬರಲು ಮರೆಯಬೇಡಿ.